ಸತ್ಯಘಟನೆ ಆಧಾರಿತ ಬೀರಪ್ಪ

ಸಿನಿಮಾದಲ್ಲಿ ಯಾರಾದರೂ ಬಾಟಲಿಗೆ ಕೈಹಾಕಿದ ಕೂಡಲೇ ಪರದೆಯ ಕೆಳಮೂಲೆಯಲ್ಲಿ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಸಣ್ಣ ಸಾಲೊಂದು ಸದ್ದಿಲ್ಲದೆ ಬಂದು ಕೂತುಕೊಳ್ಳುವುದನ್ನು ನೀವು ನೋಡಿಯೇ ಇರುತ್ತೀರಿ. ನೋಡಿರುತ್ತೀರಿ, ಓದಿರುವುದಿಲ್ಲ. ನಾನು ಓದುತ್ತೇನೆ. ಮೂವತ್ತು ಚಿಲ್ಲರೆ ವರ್ಷ ಕನ್ನಡ ಮೇಷ್ಟ್ರಾಗಿ ಸೊರಬ, ಶಿಕಾರಿಪುರ ತಾಲ್ಲೂಕುಗಳ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ, ಅಕ್ಷರ ಕಂಡಲ್ಲಿ ಕಣ್ಣು ನೆಡುವುದು ನನಗೆ ಅಂಟಿಕೊಂಡ ಚಾಳಿ. ನಿವೃತ್ತನಾದ ಮೇಲೂ ಬಸ್ ಟಿಕೇಟಿನ ಬೆನ್ನು, ಬೇಳೆ ಕಟ್ಟಿಕೊಟ್ಟ ಪೇಪರಿನ ಚೂರು, ಔಷಧಿ ಡಬ್ಬಿಯ ಹೊಟ್ಟೆ, ಯಾವುದನ್ನೂ ಓದದೆ ಬಿಟ್ಟವನಲ್ಲ. ನಾಯಕಿ ಬಿಕ್ಕಿಬಿಕ್ಕಿ ಅಳುತ್ತಿರುವ ಗಳಿಗೆಯಲ್ಲಿ ನಾನು ‘ಛೆ, ದೀರ್ಘ ಬಿಟ್ಟಿದ್ದಾರೆ’ ಎಂದು ಗೊಣಗಿದರೆ, ಪಕ್ಕದಲ್ಲಿ ಕೂತ ನನ್ನ ಹೆಂಡತಿ, “ನಿಮ್ಮ ಜೊತೆ ಸಿನಿಮಾ ನೋಡೋದೂ ಒಂದೇ, ಪರೀಕ್ಷೆ ಹಾಲಿನಲ್ಲಿ ಕೂರೋದೂ ಒಂದೇ ನೋಡ್ರಿ” ಎಂದು ಕುರ್ಚಿಯನ್ನು ಒಂದು ಮೊಳ ಆಚೆ ಸರಿಸುತ್ತಾಳೆ.

ಈ ಮೂಲೆಯ ಸಾಲಿಗಿಂತ ನನ್ನ ಪಿತ್ತ ಕೆರಳಿಸುವ ಸಾಲುಗಳು ಇನ್ನೆರಡಿವೆ. ಚಿತ್ರ ಶುರುವಾಗುವ ಮುನ್ನ ಕಣ್ಣು ಮಿಟುಕಿಸುವುದರೊಳಗೆ ಬಂದು ಮಾಯವಾಗುವುದು ಒಂದು: ಇದರಲ್ಲಿನ ಪಾತ್ರಗಳೂ ಪ್ರಸಂಗಗಳೂ ಸಂಪೂರ್ಣ ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಅದು ಕೇವಲ ಕಾಕತಾಳೀಯ. ಅದರ ಬೆನ್ನಿಗೇ ತಮಟೆ ನಗಾರಿಗಳ ಅಬ್ಬರದಲ್ಲಿ, ಬಂಗಾರದ ಬಣ್ಣದ ಗಜಗಾತ್ರದ ಅಕ್ಷರಗಳಲ್ಲಿ ಮೆರೆಯುತ್ತ ಬರುವುದು ಇನ್ನೊಂದು: ‘ಸತ್ಯಘಟನೆ ಆಧಾರಿತ’. ಅಲ್ಲ ಸ್ವಾಮಿ, ಅರ್ಧ ನಿಮಿಷದ ಅಂತರದಲ್ಲಿ ಎರಡನ್ನೂ ಹೇಳಲು ಒಂದೇ ಬಾಯಿಗೆ ಹೇಗೆ ಸಾಧ್ಯ? ಚಪ್ಪಾಳೆ ಬಂದರೆ ಸತ್ಯ, ನೋಟೀಸು ಬಂದರೆ ಕಾಲ್ಪನಿಕ. ನನ್ನ ತರಗತಿಯಲ್ಲಿ ಯಾವನಾದರೂ ಹೀಗೆ ಉತ್ತರ ಬರೆದಿದ್ದರೆ ಎರಡು ಸಾಲಿಗೂ ಸೊನ್ನೆ ಸುತ್ತಿ, ಅಪ್ಪನನ್ನು ಕರೆದುಕೊಂಡು ಬಾ ಎಂದು ಕಳಿಸುತ್ತಿದ್ದೆ.

ಇಷ್ಟಕ್ಕೇ ನನ್ನನ್ನು ಚಿತ್ರದ್ವೇಷಿ ಎಂದು ತಿಳಿಯಬೇಡಿ. ಅನ್ಯರ ಗೋಳು ಕಂಡು ಅಳುವುದರಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಕನ್ನಡಕ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಳ್ಳುವ ವಿದ್ಯೆ ನನಗೆ ಸಿದ್ಧಿಸಿ ಬಹಳ ಕಾಲವಾಯಿತು. ಟಿವಿಯಲ್ಲಿ ನಿಜಜೀವನದ ನೋವು ತೋಡಿಕೊಳ್ಳುವ ಕಾರ್ಯಕ್ರಮಗಳನ್ನೂ ನೋಡುತ್ತೇನೆ. ಒಮ್ಮೆ ಅಂಥದ್ದೊಂದರಲ್ಲಿ ನಿರೂಪಕಿ ಒಬ್ಬ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಮನೆ ಬಿದ್ದುಹೋದಾಗ ಏನನ್ನಿಸಿತು ಎಂದು ಕೇಳಿದಳು. ಆಕೆ, “ಏನನ್ನಿಸೋದು, ಹಾಲು ಕರೆಯೋ ಹೊತ್ತಾಗಿತ್ತು” ಎಂದಳು. ನನಗೆ ಎದ್ದು ನಿಂತು ಕೈಮುಗಿಯಬೇಕೆನ್ನಿಸಿತು. ನಿರೂಪಕಿಯ ಮುಖ ಮಾತ್ರ ಹುಳ್ಳಗಾಯಿತು. ಆಕೆ ಅಳುವ ತನಕ ಪಿಟೀಲು ನಿಲ್ಲಲಿಲ್ಲ, ಪ್ರಶ್ನೆಯೂ ನಿಲ್ಲಲಿಲ್ಲ. ಕಷ್ಟಪಟ್ಟವರು ಕಷ್ಟಪಟ್ಟರೆ ಸಾಲದು, ನಮ್ಮ ಹದಕ್ಕೆ ತಕ್ಕಂತೆ ಪಡಬೇಕು ಎಂಬ ಈ ಅಹಂಕಾರ ಎಲ್ಲಿಂದ ಬಂತು ಎಂದು ಆ ದಿನವೇ ಹೊಟ್ಟೆ ಉರಿದುಕೊಂಡಿದ್ದೆ. ಆಗ ಉರಿದದ್ದು ಊರಿನವರೆಲ್ಲರ ಪರವಾಗಿ. ಈಗ ಉರಿಯುತ್ತಿರುವುದು ಒಬ್ಬನೇ ಒಬ್ಬನ ಪರವಾಗಿ. ಅವನ ಹೆಸರು ಬೀರಪ್ಪ.

ಬಂದಳಿಕೆ ದಾಟಿ ಒಳದಾರಿ ಹಿಡಿದರೆ ಸಿಗುವ ಒಂದು ಊರಿನಲ್ಲಿ ಬೀರಪ್ಪ ಕುರಿ ಸಾಕಿಕೊಂಡಿದ್ದ. ಏಳನೇ ತರಗತಿಯ ತನಕ ಓದಿದವನು. ಅವನ ಹೆಂಡತಿ ಹಾಲಮ್ಮ ಶಾಲೆಯ ಮುಖ ಕಂಡವಳಲ್ಲ. ಕುರಿ ಸಾಕುವವರು ತಮ್ಮ ಕುರಿ ಬೇರೆ ಹಿಂಡಿನಲ್ಲಿ ಬೆರೆಯದಿರಲೆಂದು ಬೆನ್ನಿನ ಮೇಲೆ ಕೆಮ್ಮಣ್ಣಿನಲ್ಲಿ ಗುರುತು ಬಳಿಯುತ್ತಾರಷ್ಟೆ. ಒಬ್ಬರದು ಗೆರೆ, ಒಬ್ಬರದು ಚುಕ್ಕೆ, ಒಬ್ಬರದು ಹಸ್ತ. ಬೀರಪ್ಪನಿಗೆ ಏನು ಹೊಳೆಯಿತೋ, ಮದುವೆಯಾದ ವರ್ಷ ಗೆರೆ ಚುಕ್ಕೆ ಬಿಟ್ಟು ಒಂದೊಂದು ಕುರಿಯ ಬೆನ್ನ ಮೇಲೆ ಒಂದೊಂದು ಅಕ್ಷರ ಬರೆದ. ಅ ಒಂದು ಕುರಿ, ಆ ಇನ್ನೊಂದು, ಕಿವಿ ಹರಿದ ಕರಿಯದಕ್ಕೆ ಕ. ದಿನವಿಡೀ ಹಿಂಡಿನ ಹಿಂದೆ ಅಲೆಯುವ ಹೆಂಡತಿ ಅಕ್ಷರದ ಹಿಂದೆಯೇ ಅಲೆದಂತಾಯಿತು. ಇಡೀ ವರ್ಣಮಾಲೆ ಬೆಳಿಗ್ಗೆ ಮೇಯಲು ಹೋಗಿ ಸಂಜೆ ಹಟ್ಟಿಗೆ ಬರುತ್ತಿತ್ತು. ಹಟ್ಟಿಗೆ ಬಿಡುವಾಗ ಆಕೆ ಒಂದೊಂದನ್ನೂ ಓದಿ ಒಳಗೆ ಕಳಿಸಬೇಕು, ತಪ್ಪಿದರೆ ಆ ಕುರಿ ಹೊರಗೇ ನಿಲ್ಲಬೇಕು ಎಂಬುದು ಅವರಿಬ್ಬರ ನಡುವಿನ ಕರಾರು. ಮಳೆ ಬಂದು ಅಕ್ಷರ ತೊಳೆದುಹೋದರೆ ಮರುದಿನ ಹಾಲಮ್ಮನೇ ಕೆಮ್ಮಣ್ಣು ಕಲಸಿ ತಿದ್ದಿ ಬರೆಯುತ್ತಿದ್ದಳಂತೆ. ಮಕ್ಕಳ ಬೆರಳು ಹಿಡಿದು ಮರಳಿನಲ್ಲಿ ತಿದ್ದಿಸಿದ ನಾನು, ತರಬೇತಿ ಕಾಲೇಜಿನ ಸರ್ಟಿಫಿಕೇಟು ಹೊಂದಿದ ನಾನು, ಇಂಥದ್ದೊಂದು ಬೋಧನಕ್ರಮವನ್ನು ಕನಸಿನಲ್ಲೂ ಊಹಿಸಿರಲಿಲ್ಲ.

ಬೀರಪ್ಪನಿಗೆ ಒಂದೇ ಒಂದು ಷೋಕಿ. ಶಿಕಾರಿಪುರದ ಸಂತೆಗೆ ಕುರಿ ಹೊಡೆದುಕೊಂಡು ಬಂದ ದಿನ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಒಂದು ಗೋಲಿ ಸೋಡಾ ಕುಡಿಯುವುದು. ಹೆಬ್ಬೆರಳಲ್ಲಿ ಗೋಲಿ ಒತ್ತಿದಾಗ ಚುಯ್ ಎನ್ನುವ ಶಬ್ದಕ್ಕೇ ಅವನಿಗೆ ಅರ್ಧ ದಣಿವು ಆರುತ್ತಿತ್ತು ಎಂದು ಹಾಲಮ್ಮ ಹೇಳುತ್ತಾಳೆ. ಒಂದು ಬೇಸಿಗೆ, ಮೇವು ಹುಡುಕಿಕೊಂಡು ಸೊರಬದ ಕಡೆಯ ಕಾಡಂಚಿಗೆ ಹಿಂಡು ಹೊಡೆದವನಿಗೆ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿ ಮಂಗನ ಕಾಯಿಲೆ ಬಂತು. ಎಂಟು ಹತ್ತು ದಿನದ ಜ್ವರ, ಅಷ್ಟೆ, ಹೋಗಿಬಿಟ್ಟ. ಮಗ ಮಾಲತೇಶನಿಗೆ ಆಗ ಐದು ವರ್ಷ.

ಹಾಲಮ್ಮ ಕುರಿ ಬಿಡಲಿಲ್ಲ, ಓದನ್ನೂ ಬಿಡಲಿಲ್ಲ. ಮಾಲತೇಶ ನಮ್ಮ ಹೈಸ್ಕೂಲಿಗೆ ಬಂದು ಹತ್ತನೇ ತರಗತಿ ಸೇರಿದ ವರ್ಷ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ನಂಗೂ ಹತ್ತನೇ ಕ್ಲಾಸು ಕಟ್ಟಿಸ್ರಿ. ನಮ್ಮ ಯಜಮಾನ್ರು ಓದು ಅಂದಿದ್ರು” ಎಂದಳು. ನಾನು ಕಪ್ಪು ಹಲಗೆಯ ಮೇಲೆ ಕ ಬರೆದು ಇದೇನಮ್ಮ ಎಂದರೆ, “ಕಿವಿ ಹರಿದ ಕುರಿ ಅಲ್ಲೇನ್ರಿ” ಎಂದು ನಕ್ಕಳು. ಖಾಸಗಿ ಅಭ್ಯರ್ಥಿಯ ಫಾರಂ ತುಂಬಿಸಿದೆ, ವ್ಯಾಕರಣ ಹೇಳಿಕೊಟ್ಟೆ. ಸೊರಬದ ಪರೀಕ್ಷಾ ಕೇಂದ್ರದಲ್ಲಿ ತಾಯಿ ಮಗ ಬೇರೆಬೇರೆ ಕೋಣೆಯಲ್ಲಿ ಕೂತು ಬರೆದರು, ಇಬ್ಬರೂ ಒಟ್ಟಿಗೇ ಪಾಸಾದರು, ಮಗನಿಗಿಂತ ತಾಯಿಗೆ ಕನ್ನಡದಲ್ಲಿ ಏಳು ಅಂಕ ಹೆಚ್ಚು. ಕತೆ ಇಷ್ಟೇ. ಇದರಲ್ಲಿ ಖಳನಾಯಕನಿಲ್ಲ. ಉಣುಗು ಒಂದಿದೆ, ಅದಕ್ಕೆ ಮೀಸೆ ತಿರುವಲು ಬರುವುದಿಲ್ಲ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ನಮ್ಮ ಶಾಲೆಯ ಸ್ಮರಣಸಂಚಿಕೆಗೆ ನಾನೊಂದು ಲೇಖನ ಬರೆದೆ. ‘ತಮಸ್ಸಿನಿಂದ ಜ್ಯೋತಿಯೆಡೆಗೆ’ ಎಂಬರ್ಥದ ಏನೋ ಒಂದು ಭಾರವಾದ ಶೀರ್ಷಿಕೆ. ಅಜ್ಞಾನದ ಅಂಧಕಾರದಲ್ಲಿ ತೊಳಲುತ್ತಿದ್ದ ಗ್ರಾಮೀಣ ಮಹಿಳೆಗೆ ಗುರುವೊಬ್ಬ ಅಕ್ಷರದೀಕ್ಷೆ ನೀಡಿದ ವೃತ್ತಾಂತ ಅದು. ಆ ಗುರು ಯಾರೆಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಲೇಖನದ ಪಕ್ಕದಲ್ಲಿ ನನ್ನ ಫೋಟೋ ಇತ್ತು. ಬೀರಪ್ಪನಿಗೆ ಮೂರು ಪದ ಕೊಟ್ಟಿದ್ದೆ: ‘ಪತಿಯ ಅಕಾಲ ಮರಣಾನಂತರ’. ಕುರಿಯ ಬೆನ್ನಿನ ಅಕ್ಷರಗಳನ್ನು ಬಿಟ್ಟುಬಿಟ್ಟೆ. ಮರೆತು ಬಿಟ್ಟದ್ದಲ್ಲ, ತಿಳಿದೂ ತಿಳಿದೂ ಬಿಟ್ಟದ್ದು. ಕುರಿಗಳು ಬಂದರೆ ಲೇಖನದ ಗಾಂಭೀರ್ಯ ಕೆಡುತ್ತದೆ ಎಂದುಕೊಂಡೆ. ಕುರಿ ಬಂದರೆ ಗುರು ಎಲ್ಲಿ ನಿಲ್ಲಬೇಕು ಎಂಬ ಚಿಂತೆಯೂ ಒಳಗೊಳಗೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ಆ ಸಂಚಿಕೆ ಹೇಗೋ ಸಿನಿಮಾದವರೊಬ್ಬರ ಕೈಸೇರಿತು. ಬೆಂಗಳೂರಿನಿಂದ ಕಾರು ಬಂತು. ಕಾರಿನಿಂದ ಗಡ್ಡದ ನಿರ್ದೇಶಕ ಇಳಿದ. ನನ್ನ ಲೇಖನವನ್ನು ‘ಅದ್ಭುತ ಸಾರ್, ಓದಿ ಮೈ ಜುಮ್ಮೆಂದಿತು’ ಎಂದು ಹೊಗಳಿದ. ನಾನು ಉಬ್ಬಿಹೋದೆ. ಹಾಲಮ್ಮನ ಮನೆಗೆ ನಾನೇ ಕರೆದುಕೊಂಡು ಹೋದೆ. ಒಂದು ಕಾಗದಕ್ಕೆ ಆಕೆಯ ಸಹಿ ಬೇಕೆಂದ. ಆಕೆ ಹೆಬ್ಬೆಟ್ಟಲ್ಲ, ಸಹಿ ಮಾಡುವವಳೆಂಬ ಹೆಮ್ಮೆಯಲ್ಲಿ ಗುಂಡಗೆ ‘ಹಾಲಮ್ಮ ಬೀರಪ್ಪ’ ಎಂದು ಬರೆದಳು. ಆ ಕಾಗದ ಇಂಗ್ಲಿಷಿನಲ್ಲಿತ್ತು, ನಾಲ್ಕು ಪುಟವಿತ್ತು, ಅಕ್ಷರ ಸಾಸಿವೆ ಕಾಳಿನಷ್ಟಿತ್ತು. ಬೇಳೆ ಕಟ್ಟಿದ ಕಾಗದವನ್ನೂ ಬಿಡದವನು ಆ ಕಾಗದವನ್ನು ಓದಲಿಲ್ಲ. ಆ ಹೊತ್ತಿಗೆ ನಿರ್ದೇಶಕ ನನ್ನ ಪಾತ್ರಕ್ಕೆ ಯಾರನ್ನು ಹಾಕುತ್ತಾನೆಂದು ಹೇಳುತ್ತಿದ್ದ.

ಚಿತ್ರ ಶಿಕಾರಿಪುರದ ಟಾಕೀಸಿಗೆ ಬಂದಾಗ ಹಾಲಮ್ಮನ ಕುರಿಗಳು ಮರಿ ಹಾಕುವ ಕಾಲ, ಆಕೆ ಬರಲಿಲ್ಲ. ನಾನು ಹೆಂಡತಿಯೊಡನೆ ಮೊದಲ ಆಟಕ್ಕೇ ಹೋಗಿ ಕೂತೆ. ಏನು ಹೇಳಲಿ! ನನ್ನ ಪಾತ್ರಧಾರಿಗೆ ಹಣೆ ತುಂಬ ಕೂದಲು, ಹೆಗಲಿಗೆ ಜೋಳಿಗೆ, ಕಂಠ ಗುಡುಗು. ‘ತಾಯೀ, ಅಕ್ಷರ ನಿನ್ನ ಜನ್ಮಸಿದ್ಧ ಹಕ್ಕು!’ ಎಂದು ಅವನು ಕೈಯೆತ್ತಿದಾಗ ಟಾಕೀಸು ಚಪ್ಪಾಳೆಯಲ್ಲಿ ಮುಳುಗಿತು. ವಾಸ್ತವದಲ್ಲಿ ನಾನು ಆಕೆಗೆ ಹೇಳಿದ ಅತಿ ಗಂಭೀರ ಮಾತು ‘ಸಹಿ ಬಾಕ್ಸಿನ ಒಳಗೇ ಮಾಡಮ್ಮ, ಆಚೆ ಹೋದರೆ ಫಾರಂ ವಾಪಸ್ ಬರ್ತದೆ’ ಎಂಬುದು. ನಾನೂ ಚಪ್ಪಾಳೆ ತಟ್ಟಿದೆ. ನನಗೆ ನಾನೇ ತಟ್ಟಿಕೊಂಡೆ. ಆ ಗುಂಗಿನಲ್ಲಿ, ಪರದೆಯ ಮೇಲೆ ಬೀರಪ್ಪ ಎಂಬ ಹೆಸರಿನ ಒಬ್ಬ ದಾಂಡಿಗ ಬಾಟಲಿ ಎತ್ತಿ ಕುಡಿದು, ಹೆಂಡತಿಯ ಪುಸ್ತಕಗಳನ್ನು ಒಲೆಗೆ ಹಾಕಿ, ಬಾರುಕೋಲಿನಲ್ಲಿ ಬಾರಿಸಿದ್ದು ನನ್ನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಮೂಲೆಯ ಸಾಲಿನಲ್ಲಿ ಕಾಗುಣಿತ ಸರಿಯಾಗಿದೆಯೇ ಎಂದು ನೋಡಿದೆ. ಸರಿಯಾಗಿತ್ತು. ಹೊರಗೆ ಬಂದ ಮೇಲೆ ನನ್ನ ಹೆಂಡತಿಯೇ, “ಅಲ್ರೀ, ಹಾಲಮ್ಮನ ಗಂಡ ಕುಡೀತಿದ್ರಾ? ನೀವು ಹೇಳೇ ಇರಲಿಲ್ಲ” ಎಂದಳು. ಪರದೆಯ ಮೇಲಿನ ಆ ಹೆಸರು ನನ್ನ ಮನಸ್ಸಿಗೆ ಇಳಿದದ್ದು ಆಗ.

ಮನೆಗೆ ಬಂದವನೇ ನಿರ್ದೇಶಕನಿಗೆ ಫೋನು ಹಚ್ಚಿದೆ. ಅವನು ತಾಳ್ಮೆಯಿಂದ, ದಡ್ಡ ಹುಡುಗನಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿಕೊಟ್ಟ: ವಿರೋಧವಿಲ್ಲದೆ ಹೋರಾಟವಿಲ್ಲ, ಹೋರಾಟವಿಲ್ಲದೆ ಕತೆಯಿಲ್ಲ, ಗಂಡನೇ ಓದು ಅಂದರೆ ಇಂಟರ್ವಲ್ ಎಲ್ಲಿ ಕೊಡೋದು ಸಾರ್? ಹಾಗಾದರೆ ಮಂಗನ ಕಾಯಿಲೆ ಎಲ್ಲಿ ಹೋಯಿತಪ್ಪ ಎಂದೆ. “ಅಯ್ಯೋ, ಮಂಗನ ಕಾಯಿಲೆ ಅಂದ್ರೆ ಥಿಯೇಟರ್‌ನಲ್ಲಿ ಜನ ನಗ್ತಾರೆ ಸಾರ್. ಕುಡಿತ ಅಂದ್ರೆ ಎಲ್ಲರಿಗೂ ಕನೆಕ್ಟ್ ಆಗತ್ತೆ” ಎಂದ. ಮೈಯೆಲ್ಲ ಉರಿದುಹೋಯಿತು. ನಗುತ್ತಾರಂತೆ! ನಮ್ಮ ಕಡೆ ಆ ಕಾಯಿಲೆಯ ಹೆಸರು ಹೇಳಿದರೆ ಯಾರೂ ನಗುವುದಿಲ್ಲ. ಕಾಡಂಚಿನ ಮನೆಯವರು ಬೇಸಿಗೆ ಬಂತೆಂದರೆ ಮಕ್ಕಳ ಮೈ ತಡವಿ ಉಣುಗು ಹುಡುಕುತ್ತಾರೆ. ನಾನು ಸಿಟ್ಟಿನಲ್ಲಿ ತೊದಲುವುದು ಕೇಳಿ ಅವನು, ಹೇಗೂ ಮೊದಲೇ ಕಾಲ್ಪನಿಕ ಅಂತ ಹಾಕಿದ್ದೀವಲ್ಲ ಎಂದು ಸಮಾಧಾನ ಹೇಳಿ ಫೋನಿಟ್ಟ. ಹಾಗಾದರೆ ಬೀರಪ್ಪನ ಹೆಸರನ್ನಾದರೂ ಬದಲಿಸಬಹುದಿತ್ತಲ್ಲ, ಮಹಾನುಭಾವ? ಕಾಲ್ಪನಿಕ ಕುಡುಕನಿಗೆ ಕಾಲ್ಪನಿಕ ಹೆಸರೊಂದು ನಿನಗೆ ಸಿಗಲಿಲ್ಲವೇ? ಈ ಪ್ರಶ್ನೆ ನನಗೆ ಹೊಳೆದದ್ದು ಫೋನಿಟ್ಟ ಒಂದು ಗಂಟೆಯ ಮೇಲೆ, ಸ್ನಾನದ ಮನೆಯಲ್ಲಿ. ನನ್ನ ಒಳ್ಳೊಳ್ಳೆಯ ಉತ್ತರಗಳೆಲ್ಲ ಅಲ್ಲಿಯೇ ಹುಟ್ಟುತ್ತವೆ.

ಮಿಕ್ಕ ಸುಳ್ಳುಗಳನ್ನು ನಾನು ಕ್ಷಮಿಸಬಲ್ಲೆ. ಹಾಲಮ್ಮ ಬಂದಳಿಕೆಯ ಮುರಿದ ಗುಡಿಯ ಕಂಬಗಳ ನಡುವೆ ಬುಡ್ಡಿ ದೀಪ ಹಚ್ಚಿಕೊಂಡು ಓದುವಂತೆ ತೋರಿಸಿದ್ದಾರೆ. ಪಾಪದವಳು ಮನೆಯ ಬಲ್ಬಿನ ಕೆಳಗೆ, ಸೊಳ್ಳೆ ಹೊಡೆದುಕೊಳ್ಳುತ್ತ ಓದಿದ್ದು. ಫಲಿತಾಂಶಕ್ಕಾಗಿ ಚಂದ್ರಗುತ್ತಿಯ ಗುಡ್ಡವನ್ನು ಮೊಣಕಾಲಲ್ಲಿ ಹತ್ತಿಸಿದ್ದಾರೆ. ಆಕೆ ಅಲ್ಲಿಗೆ ಬಸ್ಸಿನಲ್ಲಿ ಹೋಗಿ, ಕೈಮುಗಿದು, ಮಂಡಕ್ಕಿ ತಿಂದು ಬಂದಿದ್ದಳು. ಇವೆಲ್ಲ ಸೀರೆಗೆ ಹಚ್ಚಿದ ಜರಿ, ಹೋಗಲಿ ಬಿಡಿ. ಆದರೆ ಅಕ್ಷರ ಕಲಿಸಿದವನ ಕೈಗೇ ಬೆಂಕಿಕಡ್ಡಿ ಕೊಟ್ಟು ಪುಸ್ತಕ ಸುಡಿಸುವುದೆಂದರೇನು? ಸತ್ತವನು ಎದ್ದು ಬಂದು ಕೇಳುವುದಿಲ್ಲ ಎಂಬ ಧೈರ್ಯ ತಾನೆ?

ಚಿತ್ರ ಟಿವಿಯಲ್ಲಿ ಬಂದ ಭಾನುವಾರ ಹಾಲಮ್ಮನ ಮನೆಯ ಪಡಸಾಲೆ ತುಂಬ ಊರವರು ಕೂತು ನೋಡಿದರಂತೆ. ಅಂಜುತ್ತಂಜುತ್ತ ನಾನು ಫೋನು ಮಾಡಿದರೆ ಹಾಲಮ್ಮ ನಿರಾಳವಾಗಿ, “ಅರ್ಧ ನೋಡಿದ್ನಿ, ಕುರಿಗೆ ನೀರು ಕುಡಿಸೋದಿತ್ತು, ಎದ್ದು ಹೋದ್ನಿ. ಅದು ಯಾರ್ದೋ ಕತೆ ಬಿಡ್ರಿ ಮೇಷ್ಟ್ರೇ, ನಮ್ಮದಲ್ಲ” ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಆಕೆಯ ಲೆಕ್ಕದಲ್ಲಿ ಅದು ನಂಬುವ ಮಾತೇ ಅಲ್ಲ. ನಂಬುವವರು ಇರುತ್ತಾರೆಂದೂ ಆಕೆಗೆ ಹೊಳೆದಿರಲಿಲ್ಲ. ಆ ನಂಬಿಕೆ ಉಳಿದದ್ದು ಮಹಾಲಯ ಅಮಾವಾಸ್ಯೆಯ ತನಕ.

ಅಂದು ನಮ್ಮ ಕಡೆ ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಎಡೆ ಇಡುತ್ತಾರೆ: ಹೋಳಿಗೆ, ಕಡುಬು, ಸಾರು, ಎಲೆ ಅಡಿಕೆಯ ಜೊತೆಗೆ, ಹೋದವರಿಗೆ ಏನು ಇಷ್ಟವಿತ್ತೋ ಅದೂ ಇರಲೇಬೇಕು. ಬೀಡಿ ಸೇದುತ್ತಿದ್ದ ಅಜ್ಜನಿಗೆ ಬೀಡಿಕಟ್ಟು, ನಶ್ಯ ಏರಿಸುತ್ತಿದ್ದ ಅಜ್ಜಿಗೆ ನಶ್ಯದ ಡಬ್ಬಿ, ಕುಡಿಯುತ್ತಿದ್ದವನಿಗೆ ಒಂದು ಕ್ವಾರ್ಟರ್. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಮುಚ್ಚುಮರೆಯಿಲ್ಲ. ಎಡೆಯ ಮುಂದೆ ಸುಳ್ಳು ನಡೆಯುವುದಿಲ್ಲ. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲಿ ಎಂದು ಎಲ್ಲರೂ ಹೊರಗೆ ಕಾಯುತ್ತಾರೆ. ಬೀರಪ್ಪನ ಎಡೆಯಲ್ಲಿ ಅಷ್ಟು ವರ್ಷವೂ ಇರುತ್ತಿದ್ದದ್ದು ಒಂದು ಗೋಲಿ ಸೋಡಾ. ಪ್ರತಿವರ್ಷ ಹೋಳಿಗೆಗೆ ನನ್ನನ್ನು ಕರೆಯುವುದು ಹಾಲಮ್ಮನ ಪದ್ಧತಿ, ಈ ಸಲವೂ ಹೋಗಿದ್ದೆ.

ಕಂಬಳಿಯ ಮೇಲೆ ಬಾಳೆಯೆಲೆ ಹಾಸಿತ್ತು. ಸೊಸೆ ಸವಿತಾ ಎಡೆ ಬಡಿಸುತ್ತಿದ್ದಳು. ಪಂಚಾಯ್ತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಚುರುಕಿನ ಹುಡುಗಿ, ಅತ್ತೆಯೆಂದರೆ ಪ್ರಾಣ. ಮಾವನನ್ನು ಆಕೆ ಕಂಡವಳಲ್ಲ. ಬಾಗಿಲು ಮುಚ್ಚುವ ಮುನ್ನ ಹಾಲಮ್ಮ ಒಳಗೆ ಬಗ್ಗಿ ನೋಡಿದಳು. ಎಲೆಯ ಬಲಗಡೆ ಗೋಲಿ ಸೋಡಾ ಇರಬೇಕಾದಲ್ಲಿ ಕಂದುಬಣ್ಣದ ಒಂದು ಕ್ವಾರ್ಟರ್ ಬಾಟಲಿ ನಿಂತಿತ್ತು.

“ಇದು ಯಾರಿಗವ್ವಾ?” ಎಂದಳು ಹಾಲಮ್ಮ.

“ಮಾವಾರಿಗೆ ಅತ್ತೀ,” ಎಂದಳು ಸವಿತಾ, ಅತ್ಯಂತ ಮೃದುವಾಗಿ. “ನೀವು ಇಷ್ಟು ವರ್ಷ ಜನಕ್ಕೆ ಅಂಜಿ ಸೋಡಾ ಇಡ್ತಿದ್ರಿ ಅಂತ ಈಗ ನಂಗೆ ಗೊತ್ತಾತು. ಹೊಡೆದ್ರೂ ಬಡಿದ್ರೂ ನಮ್ಮ ಹಿರಿಯರಲ್ಲೇನ್ರಿ, ಬಾಯಾರಿಕೊಂಡು ಹೋಗಬಾರ್ದು ಅಂತ ನಾನೇ ತರಿಸಿಟ್ಟೀನಿ.”

ದೇವರೇ! ಆ ಹುಡುಗಿಯ ಮಾತಿನಲ್ಲಿ ಒಂದು ಸಾಸಿವೆಯಷ್ಟು ಕುಹಕವಿದ್ದಿದ್ದರೂ ಬೈದು ಹಗುರಾಗಬಹುದಿತ್ತು. ಇದ್ದದ್ದು ಬರೀ ಪ್ರೀತಿ, ಕ್ಷಮೆ. ಮಾಡದ ತಪ್ಪಿಗೆ ಬೀರಪ್ಪನಿಗೆ ಅವನ ಮನೆಯಲ್ಲೇ ಕ್ಷಮೆ ಸಿಕ್ಕಿತ್ತು. ಗಂಡನ ಪರ ಹಾಲಮ್ಮನ ಬಳಿ ಇದ್ದ ಒಂದೇ ಸಾಕ್ಷಿ ಆ ಸೋಡಾ ಬಾಟಲಿ. ಸಿನಿಮಾ ಅದನ್ನೂ ಅವನ ವಿರುದ್ಧದ ಸಾಕ್ಷಿಯಾಗಿ ತಿರುಗಿಸಿಬಿಟ್ಟಿತ್ತು.

ಹಾಲಮ್ಮ ಮಗನ ಕಡೆ ತಿರುಗಿದಳು. ಮೂವತ್ತು ದಾಟಿದ ಮಾಲತೇಶ ನೆಲ ನೋಡುತ್ತ, “ನಂಗೂ ಸ್ವಲ್ಪ ಸ್ವಲ್ಪ ನೆನಪು ಬರ್ತೈತೆ ಅವ್ವಾ,” ಎಂದ. “ಅಪ್ಪ ಬಾರುಕೋಲು ತಗಂಡು... ಅಪ್ಪನ ಕೈಯೆಲ್ಲ ಕೆಂಪಗೆ ರಕ್ತ... ನೀನು ನನ್ನಿಂದ ಮುಚ್ಚಿಟ್ಟೀ ಏನೋ ಅಂದ್ಕಂಡೆ.”

“ಬಾರುಕೋಲು?” ಹಾಲಮ್ಮನ ಧ್ವನಿ ಏರಲಿಲ್ಲ. “ನಮ್ಮ ಮನ್ಯಾಗೆ ಎತ್ತೇ ಇರಲಿಲ್ಲಲ್ಲೋ. ಬಾರುಕೋಲು ಎಲ್ಲಿಂದ ಬಂತು?”

ಆಕೆ ನನ್ನ ಕಡೆ ನೋಡಿದಳು. “ಮೇಷ್ಟ್ರೇ, ನೀವು ಹೇಳ್ರಿ. ನಂಗೆ ಅಕ್ಷರ ಕಲಿಸಿದ್ದು ಯಾರು? ನಾನು ಹೇಳಿದ್ರೆ ಗಂಡನ್ನ ಬಿಟ್ಟುಕೊಡಲ್ಲ ಅಂತಾರೆ. ನೀವು ಬರೆದೋರು, ನೀವು ಹೇಳ್ರಿ.”

ಸಾವಿರಾರು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ಅಂದು ಆ ಪಡಸಾಲೆಯಲ್ಲಿ ನಿಂತೆ. ಕುರಿಯ ಬೆನ್ನಿನ ಕೆಮ್ಮಣ್ಣಿನ ಕತೆಯನ್ನು ಮೊದಲಿನಿಂದ ಹೇಳಿದೆ. ಆಕೆ ನನ್ನ ಬಳಿ ಬರುವಾಗಲೇ ಓದಲು ಬರೆಯಲು ಕಲಿತು ಬಂದಿದ್ದಳೆಂದು ಹೇಳಿದೆ. ಇದು ನನಗೆ ಗೊತ್ತಿದ್ದೂ ನನ್ನ ಹೆಸರು ದೊಡ್ಡದಾಗಲೆಂದು ಬರೆಯಲಿಲ್ಲವೆಂದೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು, ಆ ಗಡ್ಡದವನ ಮೇಲೆ ನಾನು ಅಷ್ಟು ಉರಿದುಬಿದ್ದದ್ದು ಯಾಕೆಂದು. ಲೇಖನದಲ್ಲಿ ಬೀರಪ್ಪ ಇರಬೇಕಾದ ಜಾಗವನ್ನು ಖಾಲಿ ಬಿಟ್ಟವನು ನಾನು. ನಾನು ಖಾಲಿ ಬಿಟ್ಟ ಜಾಗದಲ್ಲಿ ಅವನು ಬಾಟಲಿ ಇಟ್ಟ.

ಸವಿತಾ ಬಾಟಲಿ ತೆಗೆದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹಾಲಮ್ಮ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಸೋಡಾ ಬರೋ ತನಕ ಬಾಗಿಲು ಹಾಕೋದಿಲ್ಲ, ಎಡೆ ಆಗೋ ತನಕ ಯಾರೂ ಉಣ್ಣಂಗಿಲ್ಲ ಎಂದು ಹೊಸ್ತಿಲ ಮೇಲೆ ಕೂತಳು. ನಾನೂ ಹೋಗುತ್ತೇನೆಂದು ಮಾಲತೇಶನ ಬೈಕು ಹತ್ತಿದೆ. ಎಪ್ಪತ್ತರ ಗಡಿಯಲ್ಲಿರುವ ನನ್ನ ಸೊಂಟಕ್ಕೆ ಅದು ತಕ್ಕ ಶಿಕ್ಷೆಯೇ ಆಗಿತ್ತು. ಶಿರಾಳಕೊಪ್ಪದಲ್ಲಿ ಅಂಗಡಿ ಅಂಗಡಿ ಹೊಕ್ಕೆವು. ಪ್ಲಾಸ್ಟಿಕ್ ಬಾಟಲಿಯಲ್ಲಿ ಏಳು ಬಣ್ಣದ ಪಾನಕ ಸಿಕ್ಕಿತು, ಗೋಲಿ ಸೋಡಾ ಸಿಗಲಿಲ್ಲ. ವರ್ಷವೂ ತಂದುಕೊಡುತ್ತಿದ್ದ ಅಂಗಡಿಯವನು ಈ ಸಲ ಯಾರೂ ಹೇಳಲಿಲ್ಲವೆಂದು ತರಿಸಿರಲಿಲ್ಲ. ಕೊನೆಗೆ ಸೊರಬದ ಬಸ್ ಸ್ಟ್ಯಾಂಡಿನ ಪಕ್ಕದ ಒಂದು ಪೆಟ್ಟಿಗೆ ಅಂಗಡಿಯಲ್ಲಿ, ಧೂಳು ಹಿಡಿದ ಕ್ರೇಟಿನಲ್ಲಿ ಮೂರು ಬಾಟಲಿ ಸಿಕ್ಕವು. ಒರೆಸಿ, ಟವೆಲಿನಲ್ಲಿ ಸುತ್ತಿ, ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ಹಿಂದೆ ಕೂತೆ.

ದಾರಿಯಲ್ಲಿ ಮಾಲತೇಶ ಬೈಕು ನಿಧಾನ ಮಾಡಿದ. ಗಾಳಿಗೆ ಕೇಳಿಸಲೆಂದು ಅರ್ಧ ತಿರುಗಿ ಕೇಳಿದ: “ಮೇಷ್ಟ್ರೇ, ನಿಜವಾಗ್ಲೂ ಅಪ್ಪ ಕೆಮ್ಮಣ್ಣಾಗೇ ಬರೀತಿದ್ನೇನ್ರಿ?”

“ಹೌದಪ್ಪ. ಬೆರಳಲ್ಲಿ ಅದ್ದಿ ಬರೀತಿದ್ನಂತೆ.”

ಅವನು ಬೈಕನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿಬಿಟ್ಟ. ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. “ಅಪ್ಪನ ಕೈ ಕೆಂಪಗಿದ್ದದ್ದು ನಂಗೆ ಮೊದ್ಲಿಂದ್ಲೂ ನೆನಪಿತ್ರೀ,” ಎಂದ. “ಅದೊಂದೇ ಇದ್ದದ್ದು ನೆನಪು. ಸಿನಿಮಾ ನೋಡಿದ ಮ್ಯಾಲೆ ಅದು ಅವ್ವನ ರಕ್ತ ಅಂದ್ಕಂಡ್ನಲ್ರೀ ನಾನು.”

ಅವನ ಹೆಗಲ ಮೇಲೆ ಕೈಯಿಟ್ಟೆ. ಒಬ್ಬ ಮಗನಿಗೆ ತಂದೆಯಿಂದ ಉಳಿದದ್ದು ಒಂದೇ ಒಂದು ಬಣ್ಣ, ಅದನ್ನೂ ಕದ್ದು ರಕ್ತ ಎಂದು ಹೆಸರಿಟ್ಟರಲ್ಲ, ಈ ಕಳ್ಳತನಕ್ಕೆ ಯಾವ ಠಾಣೆಯಲ್ಲಿ ದೂರು ಕೊಡಬೇಕು? ಬಂಗಾರದ ಬಣ್ಣದಲ್ಲಿ ಸತ್ಯಘಟನೆ ಎಂದು ಬರೆಸುವವರೇ, ಸತ್ಯಕ್ಕೆ ಒಂದು ಮನೆಯಿದೆ, ಆ ಮನೆಯಲ್ಲಿ ಇನ್ನೂ ಜನ ವಾಸವಾಗಿದ್ದಾರೆ, ವರ್ಷಕ್ಕೊಮ್ಮೆ ಸತ್ತವರೂ ಉಣ್ಣಲು ಬರುತ್ತಾರೆ ಎಂಬುದು ನಿಮಗೆ ನೆನಪಿರಲಿ. ನನಗೂ ನೆನಪಿರಲಿ. ಬೀರಪ್ಪನ ಎಡೆ ಆ ದಿನ ಮೂರು ಗಂಟೆ ತಡವಾಯಿತು. ಸೋಡಾ ಬಾಟಲಿಯ ಗೋಲಿಯನ್ನು ಮಾಲತೇಶನೇ ಹೆಬ್ಬೆರಳಲ್ಲಿ ಒತ್ತಿದ. ಚುಯ್ ಎಂದಾಗ ಹಾಲಮ್ಮ ಎದ್ದು ಬಾಗಿಲು ಮುಂದೆ ಮಾಡಿದಳು.

ಈ ಬರಹ ನನ್ನ ಹಳೆಯ ಲೇಖನಕ್ಕೆ ನಾನೇ ಹಾಕಿಕೊಂಡ ಕೆಂಪು ಗೆರೆ ಎಂದು ತಿಳಿಯಿರಿ. ಇದನ್ನು ಎಷ್ಟು ಜನ ಓದುತ್ತೀರೋ ಕಾಣೆ. ಆ ಚಿತ್ರವನ್ನಂತೂ ಅದಕ್ಕಿಂತ ಹೆಚ್ಚು ಜನ ನೋಡಿದ್ದಾರೆ, ಇನ್ನೂ ನೋಡುತ್ತಾರೆ. ಮೊನ್ನೆ ಮತ್ತೆ ಟಿವಿಯಲ್ಲಿ ಬರುತ್ತದೆಂದು ತಿಳಿದು ಮನಸ್ಸು ತಡೆಯದೆ ಹಾಲಮ್ಮನ ಮನೆಗೇ ಹೋದೆ. ಟಿವಿ ಮುಚ್ಚಿಟ್ಟಿರುತ್ತಾರೆಂದು ನನ್ನ ಎಣಿಕೆ. ಇಲ್ಲ, ಪಡಸಾಲೆ ತುಂಬಿತ್ತು, ಸವಿತಾ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದಳು, ಚಿತ್ರ ನಡೆಯುತ್ತಿತ್ತು. ಪರದೆಯ ಮೇಲೆ ಆ ದಾಂಡಿಗ ಬಾಟಲಿ ಎತ್ತಿದ. ಚಾಳಿಯಂತೆ ನನ್ನ ಕಣ್ಣು ಕೆಳಮೂಲೆಗೆ ಹೋಯಿತು. ಅಲ್ಲಿ ಎಂದಿನ ಸಾಲು ಕಾಣಲಿಲ್ಲ. ಅದು ಬರುವ ಜಾಗಕ್ಕೆ ಸರಿಯಾಗಿ, ಅನ್ನದ ಅಗುಳಿನಿಂದ ಅಂಟಿಸಿದ ಒಂದು ಕಾಗದದ ಪಟ್ಟಿಯಿತ್ತು. ಅದರ ಮೇಲೆ ಕೆಮ್ಮಣ್ಣಿನಲ್ಲಿ, ಗುಂಡಗೆ: ‘ನಮ್ಮ ಯಜಮಾನರು ಕುಡಿಯುತ್ತಿರಲಿಲ್ಲ. ನನಗೆ ಅಕ್ಷರ ಕಲಿಸಿದವರು ಅವರೇ. ಇಂತಿ, ಹಾಲಮ್ಮ ಬೀರಪ್ಪ.’

ಅವನು ಬಾಟಲಿ ಎತ್ತಿದಾಗಲೆಲ್ಲ ಪಡಸಾಲೆಯ ಜನ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನೂ ಓದಿದೆ, ಎರಡು ಸಲ. ಒಂದು ದೀರ್ಘವೂ ತಪ್ಪಿರಲಿಲ್ಲ.